ತಿಗರಿ ನಿಂತ ಮೇಲೂ

“ಗುರುಗಳೇ, ಅಕ್ಷರ ಬಾರದವರು ವೈದ್ಯನಿಗೇ ಎದುರಾಡಿದರೆ ಏನು ಮಾಡಬೇಕು?” ಎಂದು ಶಿಷ್ಯ ಕೇಳಿದ.

ಅಂದು ಬೆಳಿಗ್ಗೆ ಒಬ್ಬ ಹೆಂಗಸು ತಲೆಸುತ್ತು ಬಂದ ಗಂಡನನ್ನು ಅವನ ಬಳಿಗೆ ಕರೆತಂದಿದ್ದಳು. ಪಿತ್ತವೆಂದು ಅವನು ಕಷಾಯ ಕೊಟ್ಟ. ಅವಳು ಒಪ್ಪಲಿಲ್ಲ. ಗದರಿಸಿ ಕಳಿಸಿದ್ದ.

ವೈದ್ಯಗುರುಗಳು ಅರೆಯುತ್ತಿದ್ದ ಬೇರನ್ನು ಕೆಳಗಿಟ್ಟರು. “ಎದುರಾಡಿದವಳ ಕತೆಯನ್ನೇ ಕೇಳು” ಎಂದರು.

ಒಬ್ಬ ಕುಂಬಾರನಿದ್ದ. ತಿರುಗುವ ತಿಗರಿಯ ಮುಂದೆ ಮೂವತ್ತು ವರ್ಷ ಕೂತವನು. ಕಣ್ಣು ಮುಚ್ಚಿಕೊಂಡೇ ಮಣ್ಣಿನ ಮುದ್ದೆಯನ್ನು ನಟ್ಟನಡುವೆ ನಿಲ್ಲಿಸುತ್ತಿದ್ದ. ಒಂದು ದಿನ ಕೆಲಸದ ನಡುವೆ ಅವನಿಗೆ ತಲೆ ಸುತ್ತಿತು. ತಿಗರಿ ನಿಂತ ಮೇಲೂ ಸುತ್ತು ನಿಲ್ಲಲಿಲ್ಲ. ವಾಂತಿಯಾಯಿತು.

ಆ ಊರಲ್ಲಿ ಕುಂಬಾರರ ತಲೆಸುತ್ತಿಗೆ ಯಾರೂ ಹೆದರುತ್ತಿರಲಿಲ್ಲ. ಅದಕ್ಕೆ ತಿಗರಿಸುತ್ತು ಎಂದು ಹೆಸರಿಟ್ಟು, ಮಜ್ಜಿಗೆ ಕುಡಿಸಿ ಮಲಗಿಸುತ್ತಿದ್ದರು. ಊರ ಪಂಡಿತನೂ ಬಂದು ಅದನ್ನೇ ಹೇಳಿದ. “ಲಕ್ವ ಹೊಡೆದಿದ್ದರೆ ಬಾಯಿ ಸೊಟ್ಟಗಾಗುತ್ತಿತ್ತು, ಮಾತು ತೊದಲುತ್ತಿತ್ತು. ಮಲಗಲಿ, ನಾಳೆಗೆ ಸರಿಹೋಗುತ್ತಾನೆ.”

ಕುಂಬಾರನ ಹೆಂಡತಿ ತಿಗರಿ ತಿರುಗಿಸಿ, ಮೇಲೊಂದು ಮುದ್ದೆ ಇಟ್ಟು, ಗಂಡನ ಕೈಗಳನ್ನು ಅದಕ್ಕೆ ಹಚ್ಚಿದಳು. ಮುದ್ದೆ ನಡುವಿಗೆ ಬರಲಿಲ್ಲ. ಒಂದು ಬದಿಗೆ ಎಗರಿಬಿತ್ತು. ಅವನೂ ಅದೇ ಬದಿಗೆ ವಾಲಿದ.

“ನೋಡಿ ಪಂಡಿತರೇ, ತಲೆ ಸುತ್ತಿದ್ರೆ ಸುತ್ಲಿ, ಕೈಗೇನಾಯ್ತು? ಕಣ್ಣು ಮುಚ್ಕೊಂಡು ನಡು ಹುಡುಕೋ ಕೈ ಇದು. ನಿಮ್ಮ ಮಜ್ಜಿಗೆ ನೀವೇ ಕುಡೀರಿ.”

ಸಂತೆಗೆಂದು ಗಾಡಿಯಲ್ಲಿ ಮಡಕೆ ತುಂಬಿತ್ತು. ಅಷ್ಟನ್ನೂ ಅವಳು ನೆಲಕ್ಕೆ ಉರುಳಿಸಿದಳು. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!” ಎಂದು ನೆರೆಯವರು ಬಾಯಿ ಬಡಿದುಕೊಂಡರು. ಒಡೆಯಲಿ ಎಂದಳು. ಗಂಡನನ್ನು ಗಾಡಿಯ ಹುಲ್ಲಿನ ಮೇಲೆ ಮಲಗಿಸಿ, ತಾನೇ ಗಾಡಿ ಹೊಡೆದುಕೊಂಡು ಪೇಟೆಯ ದೊಡ್ಡಾಸ್ಪತ್ರೆಗೆ ಹೋದಳು. ಅಡ್ಡ ನಿಂತಿದ್ದ ಪಂಡಿತ ಪಕ್ಕಕ್ಕೆ ಹಾರಿ ಜೀವ ಉಳಿಸಿಕೊಂಡ.

ಮಿದುಳಿನ ಹಿಂಭಾಗಕ್ಕೆ ರಕ್ತ ಹರಿಯುವುದು ನಿಂತಿದೆ, ಇದೂ ಲಕ್ವವೇ, ತಲೆಸುತ್ತಿನ ವೇಷ ಹಾಕಿಕೊಂಡು ಬಂದಿದೆ ಎಂದರು ಅಲ್ಲಿಯ ವೈದ್ಯರು. ನಾಳೆಯವರೆಗೆ ಕಾದಿದ್ದರೆ ಹೆಣ ಸಾಗಿಸಬೇಕಿತ್ತು ಎಂದರು. ಕುಂಬಾರ ಬದುಕಿದ. ಇವತ್ತಿಗೂ ಅವನ ಮಡಕೆ ಸ್ವಲ್ಪ ಓರೆ. ಅದನ್ನೇ ಅವಳು ಸಂತೆಯ ಮುಂದಿನ ಸಾಲಿನಲ್ಲಿಟ್ಟು ಮಾರುತ್ತಾಳೆ. ನಕ್ಕವರಿಗೆ ಕೊಡುವುದಿಲ್ಲ.

“ಹಾಗಾದರೆ ತಪ್ಪು ಆ ಪಂಡಿತನದು” ಎಂದ ಶಿಷ್ಯ.

ಗುರುಗಳು ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು.

“ಬೆಳಿಗ್ಗೆ ನೀನು ಗದರಿಸಿ ಕಳಿಸಿದೆಯಲ್ಲ, ಅವಳ ಮನೆ ಎಲ್ಲಿ?”

ಶಿಷ್ಯ ಅದನ್ನು ಅವಳಲ್ಲಿ ಕೇಳಿಯೇ ಇರಲಿಲ್ಲ.