ಗಡಿ ದಾಟಿ ಬಂದ ಹಿಟ್ಟು

ಮಾರ್ಚ್ ಒಂಬತ್ತು, ಮೋಡವಿಲ್ಲದ ಚಳಿಯ ಬೆಳಗು. ಗಾಜಾದ ಓಣಿಯೊಂದರಲ್ಲಿ ವಾರಗಟ್ಟಲೆ ಆರಿಹೋಗಿದ್ದ ರೊಟ್ಟಿ ಒಲೆಯ ಮುಂದೆ ಕತ್ತೆ ಹಿಟ್ಟಿನ ಚೀಲವನ್ನು ಇಳಿಸಿತು. ಒಲೆಗೆ ಹೋದ ಜೀವ ಬಂದಂತಾಯಿತು.

"ಬಂದೆಯಾ ಚೀಲ ತಮ್ಮಾ! ಮಕ್ಕಳು ದಿನಾ ಬಂದು ನನ್ನ ಬೂದಿ ಕೆದಕಿ ಹೋಗುತ್ತಿದ್ದರು. ಗಡಿಯ ಗೇಟು ನಿನ್ನನ್ನು ಹೇಗೆ ಬಿಟ್ಟಿತು?"

"ನನ್ನೊಳಗೆ ಕತ್ತಿ ಇರಬಹುದೆಂದು ಅದಕ್ಕೆ ಭಯ, ಅಕ್ಕ. ಹೊಟ್ಟೆ ಸೀಳಿಯೇ ನೋಡುತ್ತೇನೆ ಎಂದಿತು. ಸೀಳಿದರೆ ಆಚೆಗೆ ತಲುಪುವುದು ಬರೀ ಗೋಣಿ ಎಂದೆ. ಇಬ್ಬರೂ ಪಟ್ಟು ಬಿಡಲಿಲ್ಲ."

"ಆಮೇಲೆ?"

"ಈ ಕತ್ತೆಯಣ್ಣ ನಡುವೆ ಬಂದು, ಗೋಣಿ ಹೊಲಿಯುವ ದಬ್ಬಳದಿಂದ ಚುಚ್ಚಿ ನೋಡಿದರೆ ಸಾಲದೇ ಎಂದ. ಗೇಟು ಚುಚ್ಚಿ ನೋಡಿತು, ನಿಟ್ಟುಸಿರು ಬಿಟ್ಟು ತೆರೆದುಕೊಂಡಿತು."

"ಅಯ್ಯೋ, ಎಷ್ಟು ಹಿಟ್ಟು ಹೋಯಿತು?"

"ಒಂದು ಚಿಟಿಕೆ, ಅಕ್ಕ. ಅಲ್ಲಿನ ಇರುವೆಗಳ ಪಾಲಾಯಿತು."