ತೂತು ಚೆಂಬಿನ ಸಣ್ಣೀರ

ಕೇಳಿರಪ್ಪಾ ಕೇಳಿ! ಕಂಚಿನಕೋಟೆಯ ಮಕುಟವರ್ಮ ಮಹಾರಾಜರ ಅಪ್ಪಣೆ. ಹೊಸದಾಗಿ ಕಸುಬು ಹೂಡುವ ಹುಡುಗರಿಗೆ ಬೊಕ್ಕಸದಿಂದ ಬಂಡವಾಳ, ಜೊತೆಗೆ ಕೇಳಿದ್ದೊಂದು ವರ. ಆದರೆ ರಾಜಕುಮಾರಿಯವರ ಮೂರು ಒಗಟು ಬಿಡಿಸಬೇಕು. ಮೂರಕ್ಕೂ ಉತ್ತರ ಹೇಳಿ ಮುಗಿಸಿದ ಮೇಲೆಯೇ ತೀರ್ಪು. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆ ಹೋಗುತ್ತದೆ.

ಡಂಗುರದವನು ಹೀಗೆ ಸಾರಿಕೊಂಡು ಹೋದ. ರಾಜನಿಗೆ ಯಾಕಿಷ್ಟು ಸಿಟ್ಟು ಅಂತೀರಾ? ಹೋದ ವರ್ಷ ಬಣ್ಣದ ಮಾತಾಡಿದವರಿಗೆಲ್ಲ ಬಂಡವಾಳ ಕೊಟ್ಟು ಕೂತಿದ್ದ. ಒಬ್ಬನ ಅಂಗಡಿಯೂ ದೀಪಾವಳಿ ಕಾಣಲಿಲ್ಲ. ಇನ್ನು ಮೇಲೆ ಪರೀಕ್ಷೆ ಮಾಡಿ ಕೊಡೋಣ ಅಂತ ಮಗಳು ಮಲ್ಲಿಕಾದೇವಿ ಒಗಟು ಕಟ್ಟಿದಳು. ತಲೆ ತೆಗೆಯುವ ಮಾತು ಮಾತ್ರ ಅಪ್ಪನ ಸ್ವಂತದ್ದು. ಡಂಗುರ ಹೊಡೆಸಿದ ಮೇಲೆ ಅದನ್ನು ಹಿಂದಕ್ಕೆ ತಗೊಳ್ಳುವುದುಂಟೇ? ಪಾಪ, ಅವತ್ತಿನಿಂದ ಆ ಹುಡುಗಿಗೆ ಅನ್ನ ಸೇರುತ್ತಿರಲಿಲ್ಲ.

ಮೊದಲು ಬಂದವನು ಜವಳಿ ವ್ಯಾಪಾರಿಯ ಮಗ ಸಾಂತಯ್ಯ. ಏಳು ಅಂತಸ್ತಿನ ಅಂಗಡಿಯ ಚಿತ್ರ ಬರೆಸಿಕೊಂಡೇ ಬಂದಿದ್ದ. ಆಮೇಲೆ ನರಹರಿ ಪಂಡಿತ. ವ್ಯಾಪಾರದ ಗ್ರಂಥಗಳನ್ನು ಹನ್ನೆರಡು ವರ್ಷ ಬಾಯಿಪಾಠ ಮಾಡಿದ್ದ, ಒಂದು ಕಟ್ಟು ಸೊಪ್ಪು ಮಾರಿ ಗೊತ್ತಿರಲಿಲ್ಲ. ಮೂರನೆಯವನು ಕಲಾಯಿ ಕೆಲಸದ ದೊಡ್ಡೀರ. ಮೂವರೂ ತಪ್ಪು ಹೇಳಿ ಸೆರೆಮನೆ ಸೇರಿದರು.

ಈ ದೊಡ್ಡೀರನ ತಮ್ಮನೇ ನಮ್ಮ ಸಣ್ಣೀರ. ಬೆಂಕಿ ಊದುವ ತಿದಿ ಹೆಗಲಿಗೇರಿಸಿಕೊಂಡು ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಹಚ್ಚುವವನು. ಆ ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕಾಯಿಸಿದರೆ ಕಿಲುಬು ಬಿಟ್ಟು ಹೊಟ್ಟೆ ಕೆಡುತ್ತದೆ. ಅವನ ತಿದಿಗೆ ಯಾವಾಗಲೂ ಒಂದು ತೂತು ಚೆಂಬು ನೇತಾಡುತ್ತಿತ್ತು. ಅವನು ಕೈ ಹಾಕಿದ ಮೊದಲ ಚೆಂಬು ಅದು. ಬೆಂಕಿ ಹೆಚ್ಚಾಗಿ ತಳ ಸುಟ್ಟು ತೂತು ಬಿದ್ದಿತ್ತು. ಒಡತಿಗೆ ಹೊಸದು ಕೊಟ್ಟು ಹಳೆಯದನ್ನು ತಾನಿಟ್ಟುಕೊಂಡ. ಯಾವ ಮನೆಗೆ ಹೋದರೂ ಮೊದಲು ಅದನ್ನೇ ತೋರಿಸಿ, ಬೆಂಕಿ ಹೆಚ್ಚಾದರೆ ಹೀಗಾಗುತ್ತದೆ, ಈಗ ಆಗಗೊಡುವುದಿಲ್ಲ ಅನ್ನುತ್ತಿದ್ದ. ದೊಡ್ಡೀರನಿಗೆ ಇದರಿಂದ ತಲೆ ತಗ್ಗಿಸುವ ಹಾಗಾಗುತ್ತಿತ್ತು. ಎಸೆಯೋ ಅದನ್ನ, ಮನೆ ಮಾನ ಕಳೀಬೇಡ ಅಂತ ದಿನಾ ಜಗಳ.

ಅಣ್ಣ ಸಿಕ್ಕಿಬಿದ್ದ ಸುದ್ದಿ ಸಣ್ಣೀರನಿಗೆ ಮುಟ್ಟಿದಾಗ ಹುಣ್ಣಿಮೆಗೆ ಎರಡೇ ದಿನ ಉಳಿದಿತ್ತು. ಹೊತ್ತ ತಿದಿಯನ್ನೂ ಇಳಿಸದೆ ಅರಮನೆಗೆ ಓಡಿದ. ಅಡುಗೆಮನೆಯ ಹಿತ್ತಲು ದಾಟುವಾಗ ತೊಳೆದು ಬಿಸಿಲಿಗೆ ಒರಗಿಸಿಟ್ಟ ಹಂಡೆ ಕೊಳಗಗಳ ಒಳಮೈ ಕಣ್ಣಿಗೆ ಬಿತ್ತು. ಅವನ ಅವತಾರ ನೋಡಿ ಸಭೆಯೆಲ್ಲ ನಕ್ಕಿತು. ಮಲ್ಲಿಕಾದೇವಿ ನಗಲಿಲ್ಲ.

"ಒಂದು ಅಂಗಡಿ. ಗೋಡೆಯಿಲ್ಲ, ಬಾಗಿಲಿಲ್ಲ, ಬಂಡವಾಳವೂ ಇಲ್ಲ. ಆದರೂ ಗಿರಾಕಿ ಮೊದಲೇ ಬಂದು ಕಾದಿದ್ದಾನೆ. ಎಲ್ಲಿದೆ ಅದು?" ಎಂದು ಕೇಳಿದಳು.

ಸಾಂತಯ್ಯ ಇದಕ್ಕೆ ಸಂತೆ ಅಂದಿದ್ದ.

"ಇನ್ನೊಬ್ಬರ ತಾಪತ್ರಯದಲ್ಲಿ, ಅಮ್ಮಣ್ಣಿ," ಅಂದ ಸಣ್ಣೀರ. "ಯಾರ ಮನೆಯ ಹುಳಿ ಕಿಲುಬು ವಾಸನೆ ಬರುತ್ತದೋ ಅಲ್ಲಿ ನನ್ನ ಅಂಗಡಿ. ನಿಮ್ಮ ಅಡುಗೆಮನೆಯಲ್ಲೂ ಒಂದಿದೆ, ಈಗ ನೋಡಿಕೊಂಡು ಬಂದೆ."

ಯಾರೋ ಕೆಮ್ಮಿದರು. ರಾಜ ಹೊಟ್ಟೆ ಸವರಿಕೊಂಡ. ಎರಡು ತಿಂಗಳಿಂದ ಅವನಿಗೆ ಹೊಟ್ಟೆನೋವಿತ್ತು.

"ಮುಂದೆ ನೋಡಿದರೆ ಇಲ್ಲ, ಹಿಂದೆ ತಿರುಗಿದರೆ ಇದೆ. ಯಾವ ದಾರಿ?" ಎಂದು ಮಲ್ಲಿಕಾದೇವಿ ಎರಡನೆಯದನ್ನು ಕೇಳಿದಳು.

ಪಂಡಿತ ಇದಕ್ಕೆ ಪೂರ್ವಜನ್ಮ ಅಂದುಬಿಟ್ಟಿದ್ದ. ಸಣ್ಣೀರ ಹೆಚ್ಚು ಯೋಚಿಸಲಿಲ್ಲ, ಕಸುಬಿನ ದಾರಿ ಅಂದ. ಕಲಾಯಿಗೆ ಹೋದ ಮನೆಯಲ್ಲಿ ಮುರಿದ ಹಿಡಿ ಬೆಸೆದು ಕೊಡು ಅಂದರು, ಬೆಸುಗೆ ಕಲಿತೆ. ಅದನ್ನು ನೋಡಿ ಪಕ್ಕದ ಮನೆಯವರು ಸೋರುವ ದೀಪ ತಂದರು, ಅದನ್ನೂ ಕಲಿತೆ. ಇದನ್ನೆಲ್ಲ ಮೊದಲೇ ಗೀಟು ಎಳೆದುಕೊಂಡು ಹೊರಟವನಲ್ಲ ಅಂತ ವಿವರಿಸಿದ.

ಮೂರನೆಯದನ್ನು ಕೇಳುವಾಗ ರಾಜಕುಮಾರಿಯ ದನಿ ಸಣ್ಣಗಾಯಿತು. "ಒಬ್ಬ ಗುರು. ಮೊದಲು ಪೆಟ್ಟು ಕೊಡುತ್ತಾನೆ, ಆಮೇಲೆ ಪಾಠ. ದಕ್ಷಿಣೆ ಬಿಡುವವನಲ್ಲ. ಅವನ ಬಳಿ ಕಲಿಯದವರಿಲ್ಲ, ಕಲಿತೆ ಅನ್ನಲು ಎಲ್ಲರಿಗೂ ನಾಚಿಕೆ. ಯಾರವನು?"

ಸಣ್ಣೀರ ಮೊದಲು ಬಡತನ ಅನ್ನೋಣವೆಂದುಕೊಂಡ. ಅಣ್ಣ ಹೇಳಿದ್ದೂ ಅದನ್ನೇ ಅಂತ ಅವನಿಗೆ ಗೊತ್ತಿರಲಿಲ್ಲ. ಭಯವಾದಾಗ ತಿದಿ ಹಿಡಿದುಕೊಳ್ಳುವುದು ಅವನ ಅಭ್ಯಾಸ. ಕೈ ಹೋಗಿ ಚೆಂಬಿಗೆ ತಗಲಿತು, ಬೆರಳು ತೂತಿನೊಳಗೆ ಇಳಿಯಿತು. ಮೆಲ್ಲಗೆ ಅದನ್ನು ಬಿಚ್ಚಿ ಮೇಲೆತ್ತಿ ಹಿಡಿದ.

"ಇವನೇ ಅಮ್ಮಣ್ಣಿ. ನನ್ನ ತಪ್ಪು. ಒಂದು ಚೆಂಬು ದಕ್ಷಿಣೆ ತಗೊಂಡ. ಬೆಂಕಿ ಎಷ್ಟಿರಬೇಕು ಅಂತ ಇವನ ಹಾಗೆ ಇನ್ಯಾರೂ ಹೇಳಿಕೊಡಲಿಲ್ಲ."

ಮಲ್ಲಿಕಾದೇವಿ ಮೂರೂ ಸರಿ ಅಂದವಳೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ರಾಜ ವರ ಕೇಳು ಅಂದ. ಸೆರೆಯಲ್ಲಿರುವ ಮೂರು ತಲೆ ಉಳಿಸಿಕೊಡಿ ಅಂತ ಸಣ್ಣೀರ ಕೇಳಿದ. ತಪ್ಪಿದವರಿಗೆ ಸಾವು ಅಂತ ಸಾರಿ ಆಗಿದೆಯಲ್ಲ ಅಂತ ರಾಜ ಮುಖ ಗಂಟಿಕ್ಕಿದ.

"ಮಹಾಸ್ವಾಮಿ, ಹೋದ ವರ್ಷ ತಾವೂ ಇದೇ ಗುರುವಿಗೆ ದಕ್ಷಿಣೆ ಕೊಟ್ಟಿರಿ. ಅದರಿಂದಲೇ ಅಲ್ಲವೇ, ಪರೀಕ್ಷೆ ಮಾಡಿ ಕೊಡಬೇಕು ಅಂತ ತಿಳಿದದ್ದು? ಆಗ ತಮ್ಮ ತಲೆಯನ್ನು ಯಾರೂ ಕೇಳಲಿಲ್ಲ."

ರಾಜ ಆ ಚೆಂಬನ್ನು ಕೈಗೆ ತಗೊಂಡು ತೂತನ್ನು ನೋಡಿದ. ಆಮೇಲೆ ಆ ಮೂವರ ಸರಪಳಿ ಕಳಚಿಸಿ ಅಂದ.

ದೊಡ್ಡೀರ ಹೊರಗೆ ಬಂದು ತಮ್ಮನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತ. ಸಣ್ಣೀರ ಬೊಕ್ಕಸದ ಬಂಡವಾಳವನ್ನು ಆ ಮೂವರಿಗೇ ಹಂಚಿಸಿದ. ಇವರು ಒಂದು ಸಲ ಪೆಟ್ಟು ತಿಂದವರು, ಇನ್ನು ಹುಷಾರಾಗಿರುತ್ತಾರೆ ಅಂದ. ತನಗೆ ಅರಮನೆಯ ಪಾತ್ರೆಗಳ ಕೆಲಸ ಸಾಕು ಅಂತ ಅವತ್ತೇ ಹಿತ್ತಲಲ್ಲಿ ತಿದಿ ಹೂಡಿದ. ರಾಜನ ಹೊಟ್ಟೆನೋವು ವಾರದಲ್ಲಿ ವಾಸಿಯಾಯಿತು, ಮಲ್ಲಿಕಾದೇವಿಗೂ ಅನ್ನ ಸೇರಿತು.

ಈಗ ಕಂಚಿನಕೋಟೆಗೆ ಹೋದರೆ ಪೇಟೆಬೀದಿಯಲ್ಲಿ ಅಣ್ಣತಮ್ಮಂದಿರ ಅಂಗಡಿ ಕೇಳಿ. ಬಾಗಿಲಲ್ಲಿ ತೂತು ಚೆಂಬು ನೇತಾಡುತ್ತಿರುತ್ತದೆ. ಪಕ್ಕದಲ್ಲಿ ಸೆರೆಮನೆಯ ಸರಪಳಿಯ ಒಂದು ಕೊಂಡಿ. ಅದನ್ನು ಅಲ್ಲಿ ಕಟ್ಟಿದವನು ದೊಡ್ಡೀರ.