ಉಪ್ಪಿನ ಗಿರಣಿಯ ಪಿಂಗಾಣಿ

“ಗುರುಗಳೇ, ಮರುಳಯ್ಯನನ್ನು ಇನ್ನೂ ಮಠದಲ್ಲಿ ಇಟ್ಟುಕೊಳ್ಳಬಹುದೆ? ಊರೆಲ್ಲ ಅವನ ಬಗ್ಗೆ ಏನೇನೋ ಆಡಿಕೊಳ್ಳುತ್ತಿದೆ. ಅವನ ಒಳಗೇನಿದೆ ಎಂದು ತಿಳಿಯುವುದು ಹೇಗೆ?” ಎಂದು ಶಂಭುಲಿಂಗ ಕೇಳಿದ. ಮಠದಲ್ಲಿ ಇದ್ದವರು ಇಬ್ಬರೇ ಶಿಷ್ಯರು; ಊರಿಗೆ ಹೋಗಿಬರುತ್ತಿದ್ದವನು ಶಂಭುಲಿಂಗ ಒಬ್ಬನೇ. ಮರುಳಯ್ಯ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಗುರುಗಳು ಹೂಂ ಎಂದರೆ ಹೊರಡಬೇಕು.

ಗುರುಗಳು ಹೇಳಿದರು: ಕೇಳಪ್ಪ. ಕಡಲ ದಂಡೆಯಲ್ಲಿ ಒಬ್ಬ ವ್ಯಾಪಾರಿ ಉಪ್ಪು ಬೀಸುವ ಗಿರಣಿ ಇಟ್ಟಿದ್ದ. ಅಂಗಳದಲ್ಲಿ ಒಂದು ಕಬ್ಬಿಣದ ಕಂಬ, ಮೇಲೆ ಕರೆಂಟಿನ ತಂತಿ, ನಡುವೆ ತಂತಿ ಹಿಡಿದ ಒಂದು ಬಿಳಿ ಪಿಂಗಾಣಿ ಬುರುಡೆ. ಕರೆಂಟನ್ನು ಕಂಬಕ್ಕೆ ಇಳಿಯಗೊಡದಿರುವುದೇ ಅದರ ಕೆಲಸ.

ಇಬ್ಬನಿ ಬಿದ್ದ ಬೆಳಗುಗಳಲ್ಲೆಲ್ಲ ಆ ಪಿಂಗಾಣಿ ಚರಚರ ಎನ್ನುತ್ತಿತ್ತು. ಕಿಡಿ ಹಾರಿ ಗಿರಣಿ ನಿಲ್ಲುತ್ತಿತ್ತು. ಬಿಸಿಲೇರಿದರೆ ಏನೂ ಅರಿಯದಂತೆ ಸುಮ್ಮನೆ. ವ್ಯಾಪಾರಿಗೆ ಅನುಮಾನ ಹತ್ತಿತು. ಒಳಗೆ ಬಿರುಕಿದೆ, ಮೇಲೆ ಮೆರುಗು ಬಳಿದು ಮುಚ್ಚಿದ್ದಾರೆ! ಮಾರಿದವನು ಮೋಸಗಾರ. ಅದನ್ನು ಕಂಬಕ್ಕೆ ಕೂರಿಸಿದ ಲೈನ್‌ಮನ್ನನಿಗೂ ಪಾಲಿರಬೇಕು, ಇಲ್ಲದಿದ್ದರೆ ಆ ಆಸಾಮಿ ನನ್ನನ್ನು ಕಂಡಾಗಲೆಲ್ಲ ನಗುವುದೇಕೆ? ಪಿಂಗಾಣಿ ಬೆಳ್ಳಗಿದ್ದುದೂ ಅವನಿಗೆ ನಾಟಕವಾಗಿ ಕಂಡಿತು.

ಲೈನ್‌ಮನ್ನನನ್ನು ಕರೆಸಿ, “ಇಳಿಸು ಅದನ್ನು. ಒಡೆದೇ ನೋಡುತ್ತೇನೆ” ಎಂದ.

“ಬೇಡ ಸಾಹುಕಾರ್ರೇ, ನನ್ನ ಹತ್ತಿರ ಇನ್ನೊಂದಿಲ್ಲ. ಹೊಸದು ಬರುವ ತನಕ ಗಿರಣಿ ಓಡುವುದಿಲ್ಲ.”

“ಓಹೋ! ಒಡೆದರೆ ನಿನ್ನ ಬಣ್ಣ ಬಯಲಾಗುತ್ತದೆ, ಅಲ್ಲವೇ?”

ಇಳಿಸಿದ ಪಿಂಗಾಣಿಯನ್ನು ವ್ಯಾಪಾರಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟಿದ. ಒಂದೊಂದೇ ಚೂರನ್ನು ಬೆಳಕಿಗೆ ಹಿಡಿದು ಹುಡುಕಿದ. ಕೂದಲೆಳೆಯಷ್ಟೂ ಬಿರುಕಿಲ್ಲ. ಆ ಗಡಿಬಿಡಿಯಲ್ಲಿ ಒಂದು ಚೂರು ಬೆರಳು ಕೊಯ್ಯಿತು. ಅಬ್ಬಾ, ಏನು ಉರಿ! ಇಷ್ಟು ಉರಿಯಲು ಇದರ ಮೇಲೇನಿದೆ ಎಂದು ಚೂರಿನ ಹೊರಮೈಯನ್ನು ನಾಲಿಗೆಗೆ ಮುಟ್ಟಿಸಿದ. ಉಪ್ಪು.

ಅವನದೇ ಗಿರಣಿಯಿಂದ ಹಾರಿದ ಧೂಳು. ಬಿಳಿಯ ಮೇಲೆ ಬಿಳಿ ಕೂತದ್ದು ಕಣ್ಣಿಗೆ ಕಂಡಿರಲಿಲ್ಲ. ಒಣಗಿದ್ದಾಗ ತೆಪ್ಪಗಿದ್ದು, ಇಬ್ಬನಿಗೆ ನೆನೆದಾಗ ಕರೆಂಟಿಗೆ ದಾರಿ ಬಿಡುತ್ತಿತ್ತು. ಒಂದು ಬಟ್ಟೆಯಿಂದ ಒರೆಸಿದ್ದರೆ ಮುಗಿಯುತ್ತಿತ್ತು. ವ್ಯಾಪಾರಿ ನಿಂತ ಗಿರಣಿಯನ್ನು ನೋಡಿ ಹಣೆ ಚಚ್ಚಿಕೊಂಡ.

“ಹಾಗಾದರೆ ಮರುಳಯ್ಯನನ್ನೂ ಒರೆಸಿ ನೋಡಬೇಕು ಎನ್ನುತ್ತೀರಾ?” ಎಂದ ಶಂಭುಲಿಂಗ.

ಗುರುಗಳು ಅವನ ಮುಖವನ್ನೇ ನೋಡಿದರು. “ಅದಿರಲಿ, ಅವನ ಮೇಲಿನ ಆ ಮಾತು ಊರಲ್ಲಿ ಮೊದಲು ಯಾರ ಬಾಯಿಂದ ಹಾರಿತಪ್ಪ?”